ಹಾಲುಪುಡಿ ಡಬ್ಬದ ಟೆಂಟ್

ಜನವರಿ ೯, ಶುಕ್ರವಾರ

ನನ್ನ ಗಂಡ ರಿತೇಶ್ ಇನ್ನೂ ಮುಖ ಊದಿಸಿಕೊಂಡೇ ಇದ್ದಾರೆ. ಈ ಸಲದ ರಜೆಗೆ ಊರು ಬೇಡ, ರಿಯೂನಿಯನ್ ದ್ವೀಪದ ಜ್ವಾಲಾಮುಖಿ ನೋಡೋಣ, ಅಲ್ಲಿ ಸರಕಾರಿ ಕಾಡಿನಲ್ಲಿ ಟೆಂಟ್ ಹಾಕಿ ಬಾಡಿಗೆಯಿಲ್ಲದೆ ಮಲಗಬಹುದು ಎಂದೆ, ಅಷ್ಟೇ.

“ನೀರಿಲ್ಲ, ಕಕ್ಕಸಿಲ್ಲ. ಕತಾರಿನಲ್ಲಿದ್ದವರು ಬಯಲಲ್ಲಿ ಮಲಗಿದ್ರು ಅಂತ ಊರಲ್ಲಿ ಹೇಳುದಾ ಮಾರಾಯ್ತಿ?”

ಹೇಳಲಿ! ನಾನು ಹೋಗಿಯೇ ಹೋಗುತ್ತೇನೆ.

ಲಾವಾ ಕಲ್ಲಿಗೆ ಗೂಟ ಇಳಿಯುವುದಿಲ್ಲವಂತೆ, ಹಗ್ಗವನ್ನು ಭಾರಕ್ಕೆ ಕಟ್ಟಬೇಕಂತೆ. ಕತಾರಿನ ಅಲ್ ಮನ್ಸೂರಾದ ನಮ್ಮ ಮನೆಯ ಈ ಪುಟ್ಟ ಹಾಲ್‌ನಲ್ಲೇ ಅಭ್ಯಾಸ ಮಾಡಿದೆ. ಪ್ರತಿ ರಜೆಯಂತೆ ಅವರ ಅಕ್ಕಂದಿರಿಗೆಂದು ತಂದಿಟ್ಟಿದ್ದ ಹಾಲುಪುಡಿ ಡಬ್ಬಗಳನ್ನು ನಾಲ್ಕು ಮೂಲೆಗೆ ಕಟ್ಟಿದೆ. ಟೆಂಟ್ ಗಟ್ಟಿಯಾಗಿ ನಿಂತಿತು. ಅದರೊಳಗೆ ಕುಳಿತೇ ಬರೆಯುತ್ತಿದ್ದೇನೆ. ಹತ್ತು ವರ್ಷದಿಂದ ಊರಿಗೆ ಹೊರುತ್ತಾ ಬಂದ ಇಂಥ ಡಬ್ಬಗಳು ಇವತ್ತು ಮೊದಲ ಸಲ ನನ್ನ ಕೆಲಸಕ್ಕೆ ಬಂದವು.