ನಡುವೆ ಒಂದು ಚೀಲ

ಮಂಗಳವಾರ, ರಾತ್ರಿ

ಆ ಚೀಲ ಕಣ್ಣಿಂದ ಹೋಗ್ತಾನೇ ಇಲ್ಲ.

ಸಲಿಂಗಿಗಳನ್ನು ಜೈಲಿಗೆ ಹಾಕೋ ಮಸೂದೆಯ ವಿರುದ್ಧ ನಾವು ಕಾಮಿಕ್ಸ್ ಬರೆಯುವವರೆಲ್ಲ ಒಂದು ಮಾತಿಗೆ ಬಂದಿದ್ವಿ. ನಾಳೆ ಎಲ್ಲ ಪತ್ರಿಕೆಗಳಲ್ಲೂ ನಮ್ಮ ಪಾತ್ರಗಳು ಜೋಡಿ ಜೋಡಿಯಾಗಿ ಕೈ ಹಿಡಿದು ನಡೀಬೇಕು, ಗಂಡಸಿಗೆ ಗಂಡಸು, ಹೆಂಗಸಿಗೆ ಹೆಂಗಸು. ಸಭೆಯಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಹೂಂ ಅಂದವಳು ನಾನೇ.

ಪೆನ್ಸಿಲ್‌ನಲ್ಲಿ ಬರೆದೂ ಇದ್ದೆ. ನನ್ನ ಕಾಮಿಕ್ಸ್‌ನ ದರ್ಜಿ, ಕ್ಷೌರಿಕ, ಬೆರಳಿಗೆ ಬೆರಳು ಹೆಣೆದುಕೊಂಡು. ಇಂಕ್ ಹಾಕುವಾಗ ಕೈ ತಾನಾಗೇ ನಡುವೆ ಒಂದು ತರಕಾರಿ ಚೀಲ ಬರೆದುಬಿಡ್ತು. ಸುಳ್ಳು. ನಾನೇ ಬರೆದೆ. ಸಂಪಾದಕರು ಬೇಡ ಅಂದಿರಲಿಲ್ಲ, ಯಾರೂ ಅಂದಿರಲಿಲ್ಲ. ಹಗ್ಗ ಕಂಡು ಹಾವು ಅಂತ ಹೆದರೋರಿದ್ದಾರೆ, ನಾನು ಹಗ್ಗವೂ ಇಲ್ಲದೆ ಹೆದರಿದೆ.

ಬಣ್ಣ ತುಂಬೋನು ನನ್ನ ತಮ್ಮ. ತಾನು ಪ್ರೀತಿಸೋ ಗೆಳೆಯನ ವಿಷಯ ಮನೆಯಲ್ಲಿ ಮೊದಲು ಹೇಳಿದ್ದು ನನಗೇ. ಸಂಜೆ ಬಂದು ಪುಟವನ್ನ ದೀಪದ ಹತ್ತಿರ ಹಿಡಿದು ನೋಡಿದ. ಅಳಿಸಿದ ಬೆರಳುಗಳು ಚೀಲದಡಿ ಇನ್ನೂ ಮಸುಕಾಗಿ ಕಾಣ್ತಿದ್ವು.

"ಇದೇನಕ್ಕ, ಚೀಲ?"

"ಕೈ ಸರಿಯಾಗಿ ಬರಲಿಲ್ಲ ಕಣೋ. ಕೈ ಬರೆಯೋದು ಕಷ್ಟ ಅಲ್ವಾ."

ತಲೆಯಾಡಿಸಿದ. ಚೀಲಕ್ಕೆ ಹಸಿರು ತುಂಬಿದ, ಅಂಚು ದಾಟದ ಹಾಗೆ. ಹೊರಡುವಾಗ ಚಪ್ಪಲಿ ಮೆಟ್ಟುತ್ತಾ ಅಂದ, "ನಂಗೆ ಕೈ ಬರೆಯೋದು ಕಲಿಸಿದ್ದು ನೀನೇ ಅಲ್ವೇನಕ್ಕ."

ದನಿಯಲ್ಲಿ ಕೋಪ ಇರಲಿಲ್ಲ. ಇದ್ದಿದ್ರೆ ಜಗಳವಾಡಿ ಮಲಗಬಹುದಿತ್ತು.

ಪುಟ ಅಚ್ಚಿಗೆ ಹೋಗಿಯಾಯ್ತು. ಬೆಳಿಗ್ಗೆ ಅವನ ಗೆಳೆಯ ಪೇಪರ್ ನೋಡಿ ಕೇಳ್ತಾನೆ, ನಿಮ್ಮಕ್ಕ ಯಾಕೆ ಹೀಗೆ ಬರೆದ್ರು ಅಂತ. ಕೈ ಬರೆಯೋದು ಕಷ್ಟ ಕಣೋ ಅಂತಾನೆ ನನ್ನ ತಮ್ಮ, ನನ್ನ ಮಾನ ಉಳಿಸೋಕೆ.