ಹಿಂದೆಯೇ ಗುಡಿಸಿದ ಮನೆ

ಮೇ ೧೪, ಬುಧವಾರ
ವಿಜಯನಗರ

ಅತ್ತೆ ಪ್ರಾಗ್‌ನಿಂದ ಕಳಿಸಿದ ಫೋಟೊಗಳನ್ನು ಇವತ್ತು ಎಷ್ಟು ಸಲ ನೋಡಿದೆನೋ. ಸೇತುವೆಯ ಮೇಲೆ, ಕಪ್ಪುಗಟ್ಟಿದ ಕಲ್ಲಿನ ಸಂತರ ಮುಂದೆ ಮಾವ ನಗುತ್ತಾ ನಿಂತಿದ್ದಾರೆ. ಅರಮನೆಯ ಮೆಟ್ಟಿಲಲ್ಲಿ ಕೂತುಬಿಟ್ಟಿದ್ದಾರೆ, ನಗುವಿಲ್ಲ, ಕೈ ಎಡಭುಜದ ಮೇಲಿದೆ. ಹಳೆಯ ಗಡಿಯಾರದ ಕೆಳಗೆ ಅತ್ತೆ ಒಬ್ಬರೇ.

ಸಂಜೆ ಫೋನ್ ಮಾಡಿದೆ. "ಅವ್ರು ರೂಮಲ್ಲಿ ಮಲಗಿದಾರಮ್ಮ, ಗ್ಯಾಸ್ಟ್ರಿಕ್ಕು. ನೀನು ನೋಡ್ಕೊಂಡು ಬಾ ಅಂತ ಅವ್ರೇ ಕಳಿಸಿದ್ರು. ಇಲ್ಲಿ ಗಂಟೆಗೊಂದ್ಸಲ ಅಸ್ಥಿಪಂಜರದ ಬೊಂಬೆ ಗಂಟೆ ಹೊಡೆಯತ್ತೆ, ಜನ ಚಪ್ಪಾಳೆ ತಟ್ತಾರೆ" ಎಂದರು. ಆಮೇಲೆ ದನಿ ತಗ್ಗಿಸಿ, "ಸ್ಮೃತಿ, ನಾವು ಹೊರಟ ಹಿಂದೇನೇ ಮನೆ ಗುಡಿಸ್ಲಿಲ್ಲ ತಾನೇ?"

"ಇಲ್ಲ ಅತ್ತೆ."

ಗುಡಿಸಿದ್ದೆ. ಅವರ ಟ್ಯಾಕ್ಸಿ ತಿರುವು ದಾಟುತ್ತಲೇ ಗುಡಿಸಿ, ನೀರು ಹಾಕಿ ತೊಳೆದಿದ್ದೆ. ಆಫೀಸಿಗೆ ಹೊತ್ತಾಗಿತ್ತು. ಹಾಗೆ ತೊಳೆಯುವುದು ಹೆಣ ಎತ್ತಿದ ಮನೆಯನ್ನು ಎಂದು ನಮ್ಮಜ್ಜಿ ಬೈಯುತ್ತಿದ್ದರು. ನಾನು ಅದನ್ನೆಲ್ಲ ನಂಬುವವಳಲ್ಲ. ಅತ್ತೆಯೂ ನಂಬುವವರಲ್ಲ, ರಾಹುಕಾಲದಲ್ಲೇ ಕಾರು ತಂದವರು. ಅಂಥವರು ಇವತ್ತು ಕೇಳಿದರಲ್ಲ, ನನಗೆ ಅದೇ ಹೆದರಿಕೆ.

ಮಲಗಲು ಹೋದರೆ ನಿದ್ದೆ ಬರಲಿಲ್ಲ, ಅದಕ್ಕೇ ಬರೆಯುತ್ತಾ ಕೂತೆ. ಈಗಷ್ಟೇ ಅನಿಕೇತ್‌ಗೆ ಫೋನ್ ಬಂತು. ಅತ್ತೆಯೇ ಮಗನಿಗೆ ಮಾಡಿರಬೇಕು ಎಂದುಕೊಂಡೆ. ಆದರೆ ಅವನು ಬಾಲ್ಕನಿಯಲ್ಲಿ ನಿಂತು ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದಾನೆ. ಮಾವನ ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳುತ್ತಿದ್ದಾನೆ.