ಕುಂಕುಡು ನೀರು

ಮಾರ್ಚ್ 3, ಸೋಮವಾರ

ಇವತ್ತೂ ಜಲ್ಲಿ ಅಂಟಲಿಲ್ಲ. ಎಂ-ಸ್ಯಾಂಡನ್ನು ಟೀ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದು, ಆಟದ ರೈಲಿನ ಹಳಿ ನಡುವೆ ಸುರಿದು, ಫೆವಿಕಾಲ್ ನೀರು ತೊಟ್ಟಿಕ್ಕಿಸಿದರೆ — ಹನಿ ಮೇಲೆಯೇ ಗುಂಡಗೆ ಕೂರುತ್ತದೆ, ಒಳಗಿಳಿಯುವುದಿಲ್ಲ. ಯೂಟ್ಯೂಬಿನವನು ಒಂದು ಹನಿ ಸೋಪು ಬೆರೆಸಿ ಅಂದ. ನಾನು ಶಾಂಪೂ ಸ್ಯಾಶೆ ಪೂರ್ತಿ ಹಿಂಡಿದೆ. ನೊರೆಯೋ ನೊರೆ... ಜಲ್ಲಿಯೆಲ್ಲ ತೇಲಿತು. ಅತಿಯಾದರೆ ಅಮೃತವೂ ವಿಷ.

ಭಾನುವಾರ ಅಣ್ಣ ಬರುತ್ತಾನೆ, ತನ್ನ ಮಗನ ಜೊತೆ. ಅವನಿಗೆ ಮರೆವು ಜಾಸ್ತಿಯಾಗಿದೆ. ಹೋದ ಸಲ ನನ್ನನ್ನು ನರ್ಸ್ ಅಂದುಕೊಂಡ. ನನ್ನನ್ನು ‘ಶುಭಾ’ ಅಂತ ಕರೆದು ಎಷ್ಟು ದಿನವಾಯಿತೋ. ಅಪ್ಪ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದ ಚಿಂತಾಮಣಿ ಸ್ಟೇಷನ್, ಚಿಕ್ಕ ರೈಲಿನ ಕಾಲದ್ದು — ಪುಟ್ಟದಾಗಿ ಮಾಡಿ ಕಣ್ಣ ಮುಂದೆ ಇಟ್ಟರೆ ನಾನೂ ನೆನಪಾದೇನು. ಅದೊಂದೇ ಆಸೆ.

ಮಾರ್ಚ್ 4

ಅಮ್ಮ ರೇಷ್ಮೆ ಸೀರೆ ಒಗೆಯುತ್ತಿದ್ದುದು ನೆನಪಾಯಿತು. ಅಂಟುವಾಳದ ನೀರು! ಸೊಸೆ ತನುಜ ಅಂಗಡಿಗೆ ಹೊರಟಿದ್ದಳು. “ಕುಂಕುಡು ತಗೊಂಡ್ಬಾಮ್ಮ” ಅಂದೆ. ತಂದದ್ದು ಕುಂಕುಮ. ದೊಡ್ಡ ಪ್ಯಾಕೆಟ್!

“ಅಂಟುವಾಳ ಕಣಮ್ಮ! ನಮ್ಮನೇಲಿ ಅದನ್ನ ಕುಂಕುಡು ಅಂತೀವಿ.”

“ಅರ್ಧ ತೆಲುಗು, ಅರ್ಧ ಕನ್ನಡ ಮಾತಾಡಿದ್ರೆ ಮಂಡ್ಯದೋಳಿಗೆ ಹೆಂಗ್ ಗೊತ್ತಾಗ್ಬೇಕು ಅತ್ತೆ?”

ನಿಜವೇ. ಇಬ್ಬರೂ ನಕ್ಕು ನಕ್ಕು ಸುಸ್ತಾದೆವು.

ಮಾರ್ಚ್ 6, ಮಧ್ಯಾಹ್ನ

ಕಾಯಿ ನೆನೆಹಾಕಿ, ಕಿವುಚಿ, ನೊರೆ ತೆಗೆದು, ಬಟ್ಟೆಯಲ್ಲಿ ಸೋಸಿದೆ. ಫೆವಿಕಾಲ್ ನೀರಿಗೆ ಸ್ವಲ್ಪವೇ ಸ್ವಲ್ಪ. ತಕ್ಷಣ ಒಳಗಿಳಿಯಿತು! ಜಲ್ಲಿಗೆ ಕಂದು ಬಣ್ಣ ಬೇರೆ ಹತ್ತಿತು — ಹಳೇ ಹಳಿಯ ತುಕ್ಕಿನ ಹಾಗೆ. ಆ ವಾಸನೆ... ಎಣ್ಣೆಸ್ನಾನದ ದಿನ ಕುಂಕುಡು ತಾಗಿ ಕಣ್ಣುರಿ ಅಂತ ಅಣ್ಣ ಒದ್ದೆ ಮೈಯಲ್ಲೇ ರೈಲ್ವೆ ಕ್ವಾರ್ಟರ್ಸಿನಿಂದ ಪ್ಲಾಟ್‌ಫಾರಂ ತನಕ ಓಡಿದ್ದ, ಹಿಂದೆ ಅಮ್ಮ, ಅವಳ ಹಿಂದೆ ನಾನು. ಎಷ್ಟು ಚೆನ್ನಾಗಿದ್ದವು ಆ ದಿನಗಳು. ಅಳು ಬಂತು. ಅತ್ತುಬಿಟ್ಟೆ.

ಮಾರ್ಚ್ 9, ಭಾನುವಾರ

ಅಣ್ಣ ಬಂದ. ಬಗ್ಗಿ ನೋಡಿದ. ಹಳಿಯ ಮೇಲೆ ಬೆರಳಾಡಿಸಿದ. ಮುಖ ಅರಳಿತು.

“ನಮ್ ಸ್ಟೇಷನ್ನು! ಅಪ್ಪ ಎಲ್ಲಿ, ಡ್ಯೂಟಿಲಿದಾರಾ?”

ಹತ್ತಿರ ಹೋದೆ. “ನಾನ್ಯಾರು ಹೇಳಣ್ಣ?”

ನನ್ನ ಮುಖ ನೋಡಿದ. “ಗೊತ್ತಾಗ್ಲಿಲ್ಲಮ್ಮ. ಕೂತ್ಕೊಳ್ಳಿ. ನಮ್ ಶುಭಾ ಬರ್ತಾಳೆ ಈಗ, ಸ್ಕೂಲಿಂದ. ಅವಳಿಗೇ ಮೊದ್ಲು ತೋರಿಸ್ಬೇಕು.”

“ಆಗ್ಲಿ” ಅಂದೆ. ಪಕ್ಕದಲ್ಲಿ ಕೂತೆ. ಅವನು ಬಾಗಿಲನ್ನೇ ನೋಡುತ್ತಿದ್ದ. ನಾನೂ —